ಅಪ್ಪನ ಬುಲೆಟ್ಟಿನ ಗೇರ್ ಶಾಫ್ಟ್ ನಾನೇ ಜೋಡಿಸಿದ್ದು

ಅಪ್ಪನ 1978ರ ಬುಲೆಟ್ 350. ಗೇರ್ ಬಲಗಾಲಿಗೆ, ಬ್ರೇಕ್ ಎಡಗಾಲಿಗೆ. ಒಂದನೇ ಗೇರ್ ಮೇಲಕ್ಕೆ, ಉಳಿದ ಮೂರು ಕೆಳಕ್ಕೆ. ಈ ಮಳೆಗಾಲದಲ್ಲಿ ಒಂದು ಸಂಜೆ ಮಿನರ್ವ ಸರ್ಕಲ್‌ ಹತ್ತಿರ ಎರಡಕ್ಕೆ ಹಾಕಿದೆ, ಲಿವರ್ ಕೆಳಗೇ ಉಳಿದುಬಿಟ್ಟಿತು. ಬೂಟಿನ ತುದಿಯಿಂದ ಎತ್ತಿ ನಡುವಿಗೆ ತಂದರೆ ಮಾತ್ರ ಮುಂದಿನ ಗೇರ್. ಹನುಮಂತನಗರದ ಮನೆವರೆಗೂ ಹಾಗೇ ಬಂದೆ.

ಇಡೀ ಗೇರ್ ಬಾಕ್ಸ್ ಇಳಿಸಬೇಕು ಅಂತ ಒಬ್ಬರು ಹೇಳಿದರು. ನಾನು ಒಪ್ಪಲಿಲ್ಲ. ಈ ಹಳೇ ಆಲ್ಬಿಯನ್ ಮಾದರಿಯ ಗೇರ್ ಬಾಕ್ಸಿನಲ್ಲಿ ಕಾಲಿನ ಲಿವರ್‌ಗೆ ಸೇರಿದ ಶಾಫ್ಟ್, ಒತ್ತಿದಾಗಲೆಲ್ಲ ಒಂದೊಂದೇ ಗೇರ್ ಸರಿಸುವ ರಾಚೆಟ್, ಲಿವರನ್ನು ನಡುವಿಗೆ ವಾಪಸ್ ತರುವ ಸ್ಪ್ರಿಂಗ್ ಎಲ್ಲಾ ಹೊರಗಿನ ಕವರ್‌ನಲ್ಲೇ ಇರುತ್ತವೆ. ಗೇರುಗಳಿರುವುದು ಒಳಗಿನ ಕವರ್‌ ಹಿಂದೆ. ಲಿವರ್ ವಾಪಸ್ ಬರುತ್ತಿಲ್ಲ ಅಂದರೆ ತೊಂದರೆ ಹೊರಗಿನ ಕವರ್‌ನಲ್ಲೇ ಇರಬೇಕು, ಅಲ್ವಾ?

ಬಿಚ್ಚುವುದಕ್ಕೆ ಮುಂಚೆ, ಎರಡೂ ಕಡೆ ಗೇರ್ ಪೂರ್ತಿ ಬೀಳುವಂತೆ ಹೊಂದಿಸುವ ಅಡ್ಜಸ್ಟರ್ ಪ್ಲೇಟ್ ಎಲ್ಲಿ ಕೂತಿದೆ ಅಂತ ಮೊಳೆಯಿಂದ ಒಂದು ಗೆರೆ ಎಳೆದುಕೊಂಡೆ. ಕವರ್ ಕೈಗೆ ಬಂತು, ಡೀಸೆಲ್‌ನಲ್ಲಿ ತೊಳೆದೆ. ಸ್ಪ್ರಿಂಗ್‌ನ ಒಂದು ಕಾಲು ತುಂಡಾಗಿತ್ತು. ಅಷ್ಟೇ ಆಗಿದ್ದರೆ ಅರ್ಧ ದಿನದ ಕೆಲಸ. ಆದರೆ ಶಾಫ್ಟ್ ಹಿಡಿದು ಅಲ್ಲಾಡಿಸಿದರೆ ಕವರ್‌ನ ತೂತಿನಲ್ಲಿ ಕಟಕಟ ಅನ್ನುತ್ತಿತ್ತು. ಬಾಗಿಲ ಬಳಿ ನೆಲದ ಮೇಲೆ ಇಷ್ಟು ವರ್ಷ ಎಣ್ಣೆ ಕಲೆ ಬೀಳುತ್ತಿದ್ದದ್ದು ಇಲ್ಲಿಂದಲೇ.

ಜೆ.ಸಿ. ರೋಡಿನಲ್ಲಿ ಸ್ಪ್ರಿಂಗ್ ಸಿಕ್ಕಿತು. ಸಮೀಪದ ಲೇತ್ ಅಂಗಡಿಯಲ್ಲಿ ಗನ್‌ಮೆಟಲ್ ಬುಶ್, ಅಂದರೆ ಸವೆದ ತೂತಿನೊಳಗೆ ಕೂರಿಸುವ ಲೋಹದ ಬಳೆ, ಮಾಡಿಕೊಡಿ ಅಂದೆ. ವಯಸ್ಸಾದ ಮೇಸ್ತ್ರಿ ಅಳತೆ ಕೇಳಲೇ ಇಲ್ಲ. "ಶಾಫ್ಟೂ ಕವರೂ ಎರಡೂ ತನ್ನಿ ಸಾರ್. ಬುಶ್ ಒತ್ತಿದ ಮೇಲೆ ತೂತು ಸ್ವಲ್ಪ ಬಿಗಿಯಾಗುತ್ತೆ, ಆಮೇಲೇ ರೀಮರ್ ಹಾಕಿ ತೂತನ್ನು ಅಳತೆಗೆ ತರಬೇಕು" ಅಂದರು. ಅವರು ಹೇಳಿದ ಹಾಗೇ ಮಾಡಿದೆವು. ಎಣ್ಣೆ ಸವರಿದ ಶಾಫ್ಟ್ ತನ್ನ ತೂಕಕ್ಕೇ ಮೆಲ್ಲಗೆ ಒಳಗಿಳಿಯಿತು. ಎಷ್ಟು ಚೆಂದ ಕೂತಿತ್ತು ಅಂದರೆ ನಾನು ಸುಮ್ನೆ ಮೂರು ಸಲ ಹೊರತೆಗೆದು ಮತ್ತೆ ಇಳಿಸಿದೆ.

ಸ್ಪ್ರಿಂಗ್ ವಿಷಯದಲ್ಲಿ ಒಂದು ಮಾತು. ಹೊಸದನ್ನು ಹಳೆಯದರ ಪಕ್ಕ ಇಟ್ಟು ನೋಡದೆ ಹಾಕಬೇಡಿ. ನಾನು ಮೊದಲು ತಂದದ್ದರ ಕಾಲು ಸುಮಾರು 2 ಮಿ.ಮೀ. ಉದ್ದ ಇತ್ತು. ಹಾಕಿದರೆ ಲಿವರ್ ಒಂದು ಕಡೆ ಜೋತು ನಿಲ್ಲುತ್ತಿತ್ತು. ಮಾರನೇ ದಿನ ಹೋಗಿ ಬೇರೆ ತಂದೆ. ಕವರ್ ಮೇಜಿನ ಮೇಲಿರುವಾಗಲೇ ಲಿವರ್ ಸಿಕ್ಕಿಸಿ ಮೇಲಕ್ಕೆ ಹತ್ತು ಸಲ, ಕೆಳಕ್ಕೆ ಹತ್ತು ಸಲ ಒತ್ತಿ. ಪ್ರತಿ ಸಲವೂ ಅದೇ ಜಾಗಕ್ಕೆ ಬಂದು ನಿಲ್ಲಬೇಕು.

ಕವರ್ ಕೂರಿಸುವಾಗ ಗೇರ್ ನ್ಯೂಟ್ರಲ್‌ನಲ್ಲಿರಲಿ. ಲಿವರ್ ಸ್ವಲ್ಪ ಅಲ್ಲಾಡಿಸುತ್ತಾ ಕೈಯಿಂದಲೇ ಒತ್ತಿ. ಸಂದು ಉಳಿದರೆ ಸ್ಕ್ರೂ ಬಿಗಿಮಾಡಿ ಎಳೆಯಲು ಹೋಗಬೇಡಿ, ಅಲ್ಯೂಮಿನಿಯಂ ಸೀಳುತ್ತದೆ. ಒಳಗೆ ಯಾವುದೋ ತನ್ನ ಜಾಗಕ್ಕೆ ಕೂತಿಲ್ಲ ಅಂತಲೇ ಅರ್ಥ. ಆಮೇಲೆ ಸೆಂಟರ್ ಸ್ಟ್ಯಾಂಡ್ ಹಾಕಿ, ಹಿಂದಿನ ಚಕ್ರ ಕೈಯಲ್ಲಿ ತಿರುಗಿಸುತ್ತಾ ಗೇರ್ ಹಾಕಿ ನೋಡಿ. ಚಕ್ರ ನಿಂತಿದ್ದರೆ ಹಲ್ಲಿಗೆ ಹಲ್ಲು ತಾಗಿ ಎಷ್ಟೋ ಸಲ ಗೇರ್ ಬೀಳುವುದೇ ಇಲ್ಲ. ಜೋಡಣೆ ತಪ್ಪಾಯಿತೇನೋ ಅಂತ ನಾನು ಒಮ್ಮೆ ಕವರನ್ನು ಮತ್ತೆ ಬಿಚ್ಚಿದ್ದೂ ಇದೇ ಕಾರಣಕ್ಕೆ.

ಪ್ಲೇಟನ್ನು ನನ್ನ ಗೆರೆಗೇ ಸರಿಯಾಗಿ ಇಟ್ಟಿದ್ದೆ. ಆದರೂ ಮೂರರಿಂದ ನಾಲ್ಕು ಪೂರ್ತಿ ಬೀಳಲಿಲ್ಲ. ಯೋಚಿಸಿದಾಗ ಹೊಳೆಯಿತು: ಆ ಗೆರೆ ಸವೆದ ಶಾಫ್ಟಿಗೆ ಹೊಂದಿಸಿದ್ದು. ಯಾರೋ ಸಡಿಲನ್ನು ಸರಿತೂಗಿಸಲು ಪ್ಲೇಟನ್ನು ಅತ್ತ ಸರಿಸಿದ್ದರು. ಈಗ ಸಡಿಲೇ ಇಲ್ಲ. ನಟ್ ಸಡಿಲಿಸಿ ಕೂದಲೆಳೆಯಷ್ಟು ಸರಿಸಿದೆ, ಚಕ್ರ ತಿರುಗಿಸಿ ನೋಡಿದೆ, ಮತ್ತೆ ಸರಿಸಿದೆ. ಒಂದು ಕಡೆಗೆ ಜಾಸ್ತಿ ಹೋದರೆ ಇನ್ನೊಂದು ಕಡೆಯ ಗೇರ್ ಕೈಕೊಡುತ್ತದೆ. ನಾಲ್ಕನೇ ಸಲಕ್ಕೆ ಎರಡೂ ಕಡೆ ಟಕ್ ಅಂತ ಬಿತ್ತು.

ಭಾನುವಾರ ಬೆಳಗ್ಗೆ ಬುಲ್ ಟೆಂಪಲ್ ರೋಡಿನಲ್ಲಿ ಒಂದು ಸುತ್ತು ಹೋಗಿಬಂದೆ. ಸಿಗ್ನಲ್‌ನಲ್ಲಿ ಮೂರನೇ ಗೇರ್‌ನಿಂದಲೇ ಹಿಮ್ಮಡಿಯಲ್ಲಿ ನ್ಯೂಟ್ರಲ್ ಲಿವರ್ (ನೇರ ನ್ಯೂಟ್ರಲ್‌ಗೆ ತರುವ ಬೇರೆಯೇ ಲಿವರ್) ಒತ್ತಿದೆ, ನ್ಯೂಟ್ರಲ್ ಬಂತು. ರಾತ್ರಿ ಗಾಡಿ ಕೆಳಗೆ ಹಾಸಿದ್ದ ರಟ್ಟಿನ ಮೇಲೆ ಬೆಳಗ್ಗೆ ಒಂದು ಹನಿಯೂ ಇರಲಿಲ್ಲ. ಪ್ಲೇಟ್ ಪಕ್ಕ ಹೊಸ ಗೆರೆ ಎಳೆದು, ಹಳೆಯದನ್ನು ಉಜ್ಜಿ ಅಳಿಸಿದ್ದೇನೆ.