ಮೊದಲು ಗಾಳಿ ಇಳಿಸಿ: ಫ್ರಾನ್ಸಿನ ನಾಲೆ ಏರಿ, ಕಾಡು ದಾರಿಯಲ್ಲಿ ಗ್ರಾವೆಲ್ ಸೈಕಲ್ ಹೊಡೆಯುವುದು ಹೇಗೆ?

ದಕ್ಷಿಣ ಫ್ರಾನ್ಸಿನ ತೂಲೂಸ್ ವಿಮಾನ ಕಟ್ಟುವ ಊರು. ಬೆಂಗಳೂರಿನಿಂದ ಕೆಲಸದ ಮೇಲೆ ಇಲ್ಲಿಗೆ ಬರುವವರು ಬಹಳ. ಬಂದವರು ಒಂದು ಶನಿವಾರ ಸೈಕಲ್ ಬಾಡಿಗೆಗೆ ತೆಗೆದುಕೊಂಡು ಕನಾಲ್ ದ್ಯು ಮಿದಿ ಕಾಲುವೆಯ ದಂಡೆ ಹಿಡಿದು ಹೊರಡುತ್ತಾರೆ. ಸಂಜೆ ವಾಪಸ್ ಬರುವಾಗ ಅಂಗೈ ಜೋಮು ಹಿಡಿದಿರುತ್ತದೆ, ಬೆನ್ನು ನೋಯುತ್ತಿರುತ್ತದೆ. ‘ದಾರಿ ಸರಿ ಇಲ್ಲ’ ಅನ್ನುತ್ತಾರೆ. ದಾರಿ ಚೆನ್ನಾಗಿಯೇ ಇದೆ. ಟಯರಿನಲ್ಲಿ ಗಾಳಿ ಜಾಸ್ತಿ ಇರುತ್ತದೆ, ಅಷ್ಟೇ. ವರ್ಷ ವರ್ಷವೂ ಇದೇ ತಪ್ಪು ನೋಡಿ, ಈ ಲೇಖನ ಬರೆಯಲೇಬೇಕು ಅನ್ನಿಸಿತು.

ಗ್ರಾವೆಲ್ ಸೈಕಲ್ ಅಂದರೆ ರೇಸ್ ಸೈಕಲ್ಲಿನ ಹಾಗೆ ಬಾಗಿದ ಹ್ಯಾಂಡಲ್ ಇದ್ದು, ಅಗಲ ಟಯರ್ ಹಾಕಿದ ಸೈಕಲ್. ಡಾಂಬರಿನ ಮೇಲೂ ಓಡುತ್ತದೆ, ಮಣ್ಣು ಜಲ್ಲಿಯ ಮೇಲೂ ಓಡುತ್ತದೆ.

ದಾರಿ ಆರಿಸುವುದು

ಎಲ್ಲರೂ ಕಾಲುವೆಯ ಉದ್ದಕ್ಕೂ ಸಮುದ್ರದ ಕಡೆಗೆ ಹೋಗುತ್ತಾರೆ. ನಾನು ಹೇಳುವುದು ಬೇರೆ: ಕಾಲುವೆಗೆ ನೀರು ಎಲ್ಲಿಂದ ಬರುತ್ತದೋ ಅಲ್ಲಿಗೆ ಹೋಗಿ.

ಕನಾಲ್ ದ್ಯು ಮಿದಿ ಸುಮಾರು 240 ಕಿ.ಮೀ. ಉದ್ದದ ಕಾಲುವೆ. 1666ರಿಂದ 1681ರವರೆಗೆ ಕಟ್ಟಿದರು. ಕಟ್ಟಿಸಿದವನು ಪಿಯೆರ್ ಪಾಲ್ ರಿಕೆ, ಉಪ್ಪಿನ ತೆರಿಗೆ ವಸೂಲಿ ಮಾಡುತ್ತಿದ್ದ ಅಧಿಕಾರಿ. ಕಾಲುವೆ ತೆರೆಯುವ ಕೆಲವೇ ತಿಂಗಳ ಮೊದಲು, 1680ರಲ್ಲಿ, ಅವನು ತೀರಿಕೊಂಡ. ಅವನ ಮುಂದಿದ್ದ ದೊಡ್ಡ ಕಷ್ಟ ನೀರಿನದು. ಕಾಲುವೆ ನೊರೂಝ್ ಎಂಬಲ್ಲಿ ಸುಮಾರು 190 ಮೀಟರ್ ಎತ್ತರಕ್ಕೆ ಏರಿ ಆಮೇಲೆ ಎರಡೂ ಕಡೆಗೆ ಇಳಿಯುತ್ತದೆ. ದೋಣಿಗಳನ್ನು ಏರಿಸಿ ಇಳಿಸುವ ಲಾಕ್ ಗೇಟು ತೆರೆದಾಗಲೆಲ್ಲ ಅಲ್ಲಿಂದ ನೀರು ಕೆಳಗೆ ಹರಿದು ಹೋಗುತ್ತದೆ. ಹಾಗಾದರೆ ತುದಿಗೆ ನೀರು ಬರುವುದು ಎಲ್ಲಿಂದ? ರಿಕೆ ಅದನ್ನು ಮೊಂತಾಞ್ ನ್ವಾರ್, ಅಂದರೆ ಕರಿಬೆಟ್ಟದ ಹೊಳೆಗಳಿಂದ ನಾಲೆ ತೋಡಿ ತಂದ.

ಮಂಡ್ಯ ಕಡೆಯವರಿಗೆ ನಾಲೆ ಏರಿ ಅಂದರೆ ಬಿಡಿಸಿ ಹೇಳಬೇಕಿಲ್ಲ. ಇದೂ ಅದೇ. ನೀರು ತಾನಾಗಿ ಹರಿಯಲು ಎಷ್ಟು ಇಳಿಜಾರು ಬೇಕೋ ಅಷ್ಟೇ ಇಳಿಜಾರು. ಹಾಗಾಗಿ ನಾಲೆ ಬೆಟ್ಟದ ಮೈಯನ್ನು ಬಳಸಿ ಬಳಸಿ ಹೋಗುತ್ತದೆ. ಅದರ ಪಕ್ಕದ ದಾರಿಯಲ್ಲಿ ಕಾಡಿನ ನಡುವೆ ಹೋದರೂ ಏದುಸಿರು ಬರುವುದಿಲ್ಲ. ಸೈಕಲ್ಲಿಗೆ ಇದಕ್ಕಿಂತ ಒಳ್ಳೆಯ ದಾರಿ ನಾನು ನೋಡಿಲ್ಲ.

ಕ್ರಮ ಹೀಗೆ: ತೂಲೂಸ್‌ನಿಂದ ಕಾಲುವೆ ದಂಡೆಯಲ್ಲಿ ಪೋರ್ ಲೊರಾಗೆವರೆಗೆ ಸುಮಾರು 50 ಕಿ.ಮೀ., ಇದು ಡಾಂಬರು. ಅದರಾಚೆ ನೊರೂಝ್. ಅಲ್ಲಿಂದ ಬಯಲು ನಾಲೆಯ ಏರಿ ಹಿಡಿದು ರೆವೆಲ್ ಊರಿಗೆ. ರೆವೆಲ್‌ನಿಂದ ಸ್ಯಾಂ ಫೆರೆಯೋಲ್ ಕೆರೆಗೆ ಒಂದು ಏರು. ಆಮೇಲೆ ಲೆ ಕಮಾಝ್ ಹಳ್ಳಿ, ಅಲ್ಲಿಂದ ಬೆಟ್ಟದ ನಾಲೆಯ ಪಕ್ಕದಲ್ಲಿ ಕಾಡಿನೊಳಗೆ 20 ಕಿ.ಮೀ.ಗೂ ಜಾಸ್ತಿ. ಕೊನೆಗೆ ಅಲ್ಝೋ ಹೊಳೆಯ ಒಡ್ಡು. ಮೂರು ದಿನ ಇಟ್ಟುಕೊಳ್ಳಿ. ಸಮಯ ಇಲ್ಲದವರು ಪ್ರಾದೇಶಿಕ ರೈಲಿನಲ್ಲಿ ಸೈಕಲ್ ಹಾಕಿಕೊಂಡು ಕಾಸ್ಟೆಲ್ನೊಡರಿಗೆ ಬಂದು, ಅಲ್ಲಿಂದ ನೊರೂಝ್‌ಗೆ ಹೋಗಬಹುದು. ಅರ್ಧ ದಿನ ಉಳಿಯುತ್ತದೆ. ಸೈಕಲ್ ಇಡುವ ಜಾಗ ಕಡಿಮೆ, ಬೆಳಗಿನ ರೈಲು ಹಿಡಿಯಿರಿ.

ಸೈಕಲ್

ಟಯರಿನ ಅಗಲ 40 ಮಿ.ಮೀ.ಗಿಂತ ಕಡಿಮೆ ಬೇಡ. ನನ್ನ ಆಯ್ಕೆ 45. ಮುಂದೆ ಶಾಕ್ ಅಬ್ಸಾರ್ಬರ್ ಬೇಕಿಲ್ಲ.

ಗಾಳಿ: ಎಲ್ಲರೂ ಎಡವುವ ಜಾಗ

ಟಯರಿನ ಪಕ್ಕದಲ್ಲಿ ‘ಗರಿಷ್ಠ ಇಷ್ಟು’ ಅಂತ ಬರೆದಿರುತ್ತಾರೆ. ಜನ ಅದನ್ನೇ ಗುರಿ ಅಂದುಕೊಂಡು ಅಲ್ಲಿಯವರೆಗೆ ಪಂಪ್ ಹೊಡೆಯುತ್ತಾರೆ. ಅದು ದಾಟಬಾರದ ಮಿತಿ, ಹಾಕಲೇಬೇಕಾದ ಲೆಕ್ಕವಲ್ಲ. ಗಾಳಿ ತುಂಬಿ ಕಲ್ಲಿನ ಹಾಗಾದ ಟಯರ್ ಪ್ರತಿ ಬೇರು, ಪ್ರತಿ ಜಲ್ಲಿಯ ಮೇಲೂ ಪುಟಿಯುತ್ತದೆ. ಪುಟಿದಾಗ ಹಿಡಿತ ತಪ್ಪುತ್ತದೆ. ಆ ಹೊಡೆತವೆಲ್ಲ ಅಂಗೈ, ಭುಜ, ಸೊಂಟಕ್ಕೆ ಬಂದು ಸೇರುತ್ತದೆ. ಗಾಳಿ ಇಳಿಸಿದ ಟಯರ್ ಬೇರಿನ ಆಕಾರಕ್ಕೆ ತಗ್ಗಿ, ದಾಟಿ, ಮತ್ತೆ ಉಬ್ಬುತ್ತದೆ. ನೀವು ಮುಂದೆ ಹೋಗುತ್ತಲೇ ಇರುತ್ತೀರಿ. ಜಲ್ಲಿ ದಾರಿಯಲ್ಲಿ ಮೆತ್ತನೆ ಟಯರ್ ನಿಧಾನ ಅನ್ನುವುದು ತಪ್ಪು ತಿಳಿವಳಿಕೆ.

ನನ್ನ ಲೆಕ್ಕ ಇದು (ಪಿಎಸ್‌ಐ ಅಂದರೆ ಗಾಳಿಯ ಒತ್ತಡದ ಅಳತೆ). 70 ಕೆ.ಜಿ. ತೂಕದವರು, 42 ಮಿ.ಮೀ. ಟಯರ್, ಒಳಗೆ ಟ್ಯೂಬ್ ಇಲ್ಲದೆ ಸೀಲೆಂಟ್ (ಸಣ್ಣ ತೂತು ಮುಚ್ಚುವ ದ್ರವ) ಹಾಕಿದ ಟ್ಯೂಬ್‌ಲೆಸ್ ಚಕ್ರ: ಹಿಂದೆ 33 ಪಿಎಸ್‌ಐ, ಮುಂದೆ 30. ಮೈತೂಕ 10 ಕೆ.ಜಿ. ಹೆಚ್ಚಾದರೆ ಎರಡೂ ಕಡೆ 3 ಸೇರಿಸಿ, ಕಡಿಮೆಯಾದರೆ 3 ಕಳೆಯಿರಿ. ಟ್ಯೂಬ್ ಇದ್ದರೆ ಇನ್ನೂ 5 ಸೇರಿಸಿ. ಇಲ್ಲದಿದ್ದರೆ ಬೇರಿಗೆ ಬಡಿದಾಗ ಟ್ಯೂಬ್ ರಿಮ್ಮಿನ ಎರಡು ಅಂಚಿಗೆ ಸಿಕ್ಕಿ, ಹಾವು ಕಚ್ಚಿದ ಹಾಗೆ ಜೋಡಿ ತೂತು ಬೀಳುತ್ತದೆ. ಏನೇ ಮಾಡಿದರೂ ಟಯರಿನ ಮೇಲೆ ಬರೆದ ಕನಿಷ್ಠದ ಕೆಳಗೆ ಹೋಗಬೇಡಿ.

ಫ್ರಾನ್ಸಿನ ಅಂಗಡಿಗಳಲ್ಲಿ ಪಿಎಸ್‌ಐ ಮಾತು ಕಡಿಮೆ, ಎಲ್ಲ ‘ಬಾರ್’ ಲೆಕ್ಕ. 1 ಬಾರ್ ಅಂದರೆ ಸುಮಾರು 14.5 ಪಿಎಸ್‌ಐ. ಹಿಂದೆ 2.3, ಮುಂದೆ 2.1 ಅಂತ ಚೀಟಿಯಲ್ಲಿ ಬರೆದು ತೋರಿಸಿ. ಬಾಡಿಗೆ ಅಂಗಡಿಯವರು ಸಾಮಾನ್ಯವಾಗಿ ಗಟ್ಟಿಯಾಗಿ ತುಂಬಿಸಿ ಕೊಡುತ್ತಾರೆ. ಸುಮ್ನೆ ತೆಗೆದುಕೊಂಡು ಹೊರಡಬೇಡಿ.

ಬೆರಳಿನಿಂದ ಒತ್ತಿ ನೋಡುವ ಅಭ್ಯಾಸ ಬಿಡಿ. 30ಕ್ಕೂ 40ಕ್ಕೂ ಇರುವ ವ್ಯತ್ಯಾಸ ಹೆಬ್ಬೆರಳಿಗೆ ತಿಳಿಯುವುದಿಲ್ಲ, ಅಂಗೈಗೆ ಸಂಜೆ ತಿಳಿಯುತ್ತದೆ. 160ರವರೆಗೆ ಅಳೆಯುವ ದೊಡ್ಡ ಪಂಪಿನ ಮುಳ್ಳನ್ನೂ ನಂಬಬೇಡಿ. ಅದರಲ್ಲಿ 30ರ ಗೆರೆ ಮೂಲೆಯಲ್ಲಿ ಒತ್ತಿಕೊಂಡಿರುತ್ತದೆ. ಅಂಗೈಯಲ್ಲಿ ಹಿಡಿಯುವ ಡಿಜಿಟಲ್ ಗೇಜ್ ಒಂದನ್ನು ಕೊಳ್ಳಿ. ಈ ಪ್ರವಾಸಕ್ಕೆ ಒಂದೇ ಒಂದು ಸಾಮಾನು ಕೊಳ್ಳುವುದಾದರೆ ಅದನ್ನೇ ಕೊಳ್ಳಿ.

ಇಲ್ಲಿ ಸಿಗುವುದು ಹೆಚ್ಚಾಗಿ ಪ್ರೆಸ್ಟಾ ವಾಲ್ವ್, ಸಣಕಲು ಕಡ್ಡಿಯ ಹಾಗೆ ಇರುತ್ತದೆ. ತುದಿಯ ಪುಟ್ಟ ತಿರುಪನ್ನು ಸಡಿಲ ಮಾಡಿ, ಬೆರಳಿನಿಂದ ಒತ್ತಿದರೆ ಗಾಳಿ ಬರುತ್ತದೆ. ತಿರುಪು ಬಿಡಿಸದೆ ಒತ್ತಿ ಕಡ್ಡಿ ಬಗ್ಗಿಸಿದವರನ್ನು ನೋಡಿದ್ದೇನೆ. ಪೆಟ್ರೋಲ್ ಬಂಕಿನ ಪೈಪು ಇದಕ್ಕೆ ಕೂರುವುದಿಲ್ಲ, ಪುಟ್ಟ ಹಿತ್ತಾಳೆ ಅಡಾಪ್ಟರ್ ಜೇಬಿನಲ್ಲಿರಲಿ.

ಇಷ್ಟಾದ ಮೇಲೆ ಪರೀಕ್ಷೆ. ಬೇರು ಉಬ್ಬಿದ ಒಂದು ಜಾಗದಲ್ಲಿ ನಿಧಾನವಾಗಿ ದಾಟಿ. ರಿಮ್ ‘ಟಣ್’ ಅಂತ ಬಡಿದರೆ 2 ಸೇರಿಸಿ. ಮುಂಚಕ್ರ ಪುಟಿದು ಕೈ ನಡುಗಿದರೆ 2 ಇಳಿಸಿ. ಎರಡೂ ಇಲ್ಲವಾದರೆ ಅದೇ ನಿಮ್ಮ ಅಂಕಿ. ಬರೆದಿಟ್ಟುಕೊಳ್ಳಿ.

ಹೋದ ಬೇಸಿಗೆಯಲ್ಲಿ ಬಂದ ಗೆಳೆಯರೊಬ್ಬರ ಟಯರಿನಲ್ಲಿ 60 ಪಿಎಸ್‌ಐ ಇತ್ತು. ಒದ್ದೆ ಬೇರಿನ ಮೇಲೆ ಚಕ್ರ ಜಾರಿ ಮೊಣಕೈ ಕೆತ್ತಿಹೋಯಿತು. ಅಲ್ಲೇ ಕೂತು 36ಕ್ಕೆ ಇಳಿಸಿದೆವು. ಮಿಕ್ಕ ದಿನವೆಲ್ಲ ಅವರೇ ಮುಂದಿದ್ದರು.

ಬೇರು ದಾಟುವುದು

ಬೇರಿಗೆ ಅಡ್ಡಡ್ಡವಾಗಿ, ನೇರ ಹೋಗಿ. ಓರೆಯಾಗಿ ಹತ್ತಿಸಿದರೆ ಚಕ್ರ ಬೇರಿನ ಉದ್ದಕ್ಕೆ ಜಾರುತ್ತದೆ. ಎರಡೂ ಪೆಡಲ್ ಒಂದೇ ಮಟ್ಟದಲ್ಲಿಟ್ಟು ಸೀಟಿನಿಂದ ಸ್ವಲ್ಪ ಎದ್ದು ನಿಲ್ಲಿ, ಮೊಣಕೈ ಸಡಿಲ ಇರಲಿ. ಬ್ರೇಕು ಬೇರಿಗಿಂತ ಮೊದಲು, ಬೇರಿನ ಮೇಲಲ್ಲ. ನೀರಿನ ಕಡೆ ತಡೆಗೋಡೆ ಇರುವುದಿಲ್ಲ, ಒಂದು ಮೀಟರ್ ಬಿಟ್ಟೇ ಓಡಿಸಿ. ಕಾಲು ಊರಬೇಕಾಗಿ ಬಂದರೆ ನೀರಿಲ್ಲದ ಕಡೆಗೇ ಊರಿ.

ಬೆನ್ನಿಗೆ ಚೀಲ ಹಾಕಿಕೊಂಡರೆ ಇದ್ಯಾವುದೂ ಆಗುವುದಿಲ್ಲ. ಭಾರ ಸೈಕಲ್ಲಿನ ಫ್ರೇಮಿಗೆ ಕಟ್ಟಿ. ಸೀಟಿಗೆ ಹಾಕುವ ದಪ್ಪ ಜೆಲ್ ಕವರ್ ದುಡ್ಡು ದಂಡ. ಅದು ಆಚೀಚೆ ಸರಿದು ತೊಡೆ ಉಜ್ಜುತ್ತದೆ.

ಗಾಳಿ ದಿಕ್ಕು, ಬಿಸಿಲು

ಇದು ಆಕಾಶದ ಗಾಳಿ. ಆಗ್ನೇಯದಿಂದ ಬೀಸುವುದು ಓತಾನ್, ವಾಯವ್ಯದಿಂದ ಬೀಸುವುದು ಸೆರ್ಸ್. ತೂಲೂಸ್‌ನಿಂದ ಹೊರಟವರಿಗೆ ಸೆರ್ಸ್ ಬೆನ್ನು ತಳ್ಳುತ್ತದೆ. ಓತಾನ್ ಇದ್ದರೆ ಎದೆಗೇ ಬರುತ್ತದೆ, ಅಂಥ ದಿನ ರೈಲು ಹತ್ತಿ.

ಕಾಲುವೆಯ ಎರಡೂ ಬದಿ ಸುಮಾರು 42,000 ಪ್ಲೇನ್ ಮರಗಳಿದ್ದವು. 2006ರಲ್ಲಿ ಅವಕ್ಕೆ ಶಿಲೀಂಧ್ರ ರೋಗ ಬಂದದ್ದು ಪತ್ತೆಯಾಯಿತು. ಮದ್ದಿಲ್ಲ, ಕಡಿಯಲೇಬೇಕು. ಸಾವಿರ ಸಾವಿರ ಮರ ಹೋದವು. ಬೇರೆ ಜಾತಿಯ ಸಸಿ ನೆಡುತ್ತಿದ್ದಾರೆ, ನೆರಳು ಬರಲು ಕಾಲ ಬೇಕು. ರೋಗ ಗಾಯದ ಮೂಲಕವೂ ಹರಡುತ್ತದೆ. ಹಾಗಾಗಿ ಉಳಿದ ಮರಗಳಿಗೆ ಸೈಕಲ್ ಒರಗಿಸಬೇಡಿ, ಚೈನು ಬಿಗಿಯಬೇಡಿ. ನೆರಳಿಲ್ಲದ ಉದ್ದ ದಾರಿಗೆ ಎರಡು ಬಾಟಲಿ ನೀರು ಬೇಕು. ಖಾಲಿಯಾದರೆ ಹಳ್ಳಿಯ ಸ್ಮಶಾನಕ್ಕೆ ಹೋಗಿ. ಸಮಾಧಿಯ ಹೂಗಿಡಗಳಿಗೆಂದು ಅಲ್ಲಿ ನಲ್ಲಿ ಇರುತ್ತದೆ. ‘ನೋ ಪೊತಾಬ್ಲ್’ ಅಂತ ಫಲಕ ಇದ್ದರೆ ಮಾತ್ರ ಕುಡಿಯಬೇಡಿ.

ಊಟ

ಮಧ್ಯಾಹ್ನ 12 ಆದರೆ ಹಳ್ಳಿ ಅಂಗಡಿಗಳು ಬಾಗಿಲು ಹಾಕುತ್ತವೆ. ಭಾನುವಾರ ಮಧ್ಯಾಹ್ನದ ಮೇಲೆ ಏನೂ ಸಿಗುವುದಿಲ್ಲ. ಬೆಳಿಗ್ಗೆಯೇ ಬ್ರೆಡ್ಡು, ಚೀಸು, ಹಣ್ಣು ಕಟ್ಟಿಸಿಕೊಳ್ಳಿ. ಅಂಗಡಿಗೆ ಹೊಕ್ಕ ಕೂಡಲೇ ‘ಬೊಂಜೂರ್’ ಹೇಳಿ, ಆಮೇಲೆ ಮಾತು. ನಮ್ಮಲ್ಲೂ ಮನೆಗೆ ಹೋದರೆ ಮೊದಲು ‘ಚೆನ್ನಾಗಿದ್ದೀರಾ’ ಅಂತೀವಿ, ಅಲ್ವಾ? ಸಸ್ಯಾಹಾರಿಗಳೇ, ಕಾಸ್ಟೆಲ್ನೊಡರಿಯ ಹೆಸರುವಾಸಿ ಕಸುಲೆ ಬರೀ ಕಾಳಿನ ಪಲ್ಯವಲ್ಲ. ಬಾತುಕೋಳಿ, ಹಂದಿಮಾಂಸ ಇರುತ್ತದೆ.

ರಸ್ತೆ ಸಿಕ್ಕಾಗ

ಇಲ್ಲಿ ಬಲಗಡೆ ಓಡಿಸಬೇಕು. ಹಳ್ಳಿಯೊಳಗೆ ಫಲಕವಿಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ಮೊದಲ ದಾರಿ. ಅದು ಎಷ್ಟೇ ಸಣ್ಣ ಓಣಿಯಾಗಿರಲಿ, ನಿಂತು ಬಿಡಿ.

ಕಾಡು

ಸ್ಯಾಂ ಫೆರೆಯೋಲ್ ಕೆರೆಯ ಕಟ್ಟೆಯನ್ನು 1667ರಲ್ಲಿ ಕಟ್ಟಲು ಶುರುಮಾಡಿದರು. ಅದರ ಮೇಲೆ ನಿಂತು ಒಮ್ಮೆ ನೋಡಿ, ಆಮೇಲೆ ಲೆ ಕಮಾಝ್‌ಗೆ ಏರಿ. ಅಲ್ಲಿ ನಾಲೆ 120 ಮೀಟರಿಗೂ ಉದ್ದದ ಸುರಂಗದಲ್ಲಿ ನುಗ್ಗುತ್ತದೆ. ವೊಬಾನ್ ಎಂಬ ಎಂಜಿನಿಯರ್ 1686–87ರಲ್ಲಿ ಮಾಡಿಸಿದ್ದು. ಅದರ ಮೇಲಿಂದ ಬೀಚ್ ಮರಗಳ ಕಾಡು ಶುರು. ನೀರು ಎದುರಿನಿಂದ ಬರುತ್ತಿರುತ್ತದೆ, ನೀವು ಅದರ ಮೂಲದ ಕಡೆಗೆ. ಕೈಯಳತೆಯಲ್ಲೇ ತಿಳಿನೀರು, ಮೇಲೆ ಹಸಿರು ಚಪ್ಪರ. ದಾರಿ ಕಿರಿದು, ನಡೆಯುವವರು ಇರುತ್ತಾರೆ. ದೂರದಿಂದಲೇ ಬೆಲ್ ಹೊಡೆದು ನಿಧಾನ ಮಾಡಿ.

ಫೋನ್ ಸಿಗ್ನಲ್ ನೆಚ್ಚಬೇಡಿ, ನಕ್ಷೆ ಮೊದಲೇ ಇಳಿಸಿಕೊಳ್ಳಿ. ಸೆಪ್ಟೆಂಬರ್‌ನಿಂದ ಫೆಬ್ರುವರಿವರೆಗೆ ಬೇಟೆ ಕಾಲ. ‘ಶಾಸ್ ಆಂ ಕೂರ್’ ಅಂದರೆ ಬೇಟೆ ನಡೆಯುತ್ತಿದೆ ಎಂದರ್ಥ. ಆ ಫಲಕ ಕಂಡರೆ ಬೇರೆ ದಾರಿ ಹಿಡಿಯಿರಿ, ಕಿತ್ತಳೆ ಬಣ್ಣದ ಅಂಗಿ ಹಾಕಿ. ಬೆಂಕಿ ಹಚ್ಚಲೇಬೇಡಿ. ಮಲೆನಾಡಿನವರಿಗೆ ಉಣುಗಿನ ಕಾಟ ಗೊತ್ತು. ಇಲ್ಲಿನ ಉಣುಗು ಲೈಮ್ ಕಾಯಿಲೆ ಹರಡುತ್ತದೆ. ರಾತ್ರಿ ಮಂಡಿಯ ಹಿಂದೆ, ಕಂಕುಳು, ಸೊಂಟ ನೋಡಿಕೊಳ್ಳಿ. ಔಷಧಿ ಅಂಗಡಿಯಲ್ಲಿ ಅದನ್ನು ಕೀಳುವ ಪುಟ್ಟ ಕೊಕ್ಕೆ ಸಿಗುತ್ತದೆ.

ಅಲ್ಝೋ ಒಡ್ಡಿನ ಹತ್ತಿರ ಕೂತು ಬ್ರೆಡ್ಡು ತಿನ್ನಿ. ನೊರೂಝ್‌ನಲ್ಲಿ ನೀವು ನೋಡಿದ ನೀರು ಇಲ್ಲಿಂದ ಹೊರಟದ್ದು. ವಾಪಸ್ ಡಾಂಬರು ರಸ್ತೆಯಲ್ಲಿ ಇಳಿಯುವುದಾದರೆ, ಹೊರಡುವ ಮೊದಲು ಪಂಪ್ ತೆಗೆದು ಎರಡೂ ಚಕ್ರಕ್ಕೆ 5 ಪಿಎಸ್‌ಐ ಸೇರಿಸಿ.