ರಿಟುಕ್ಸಿಮ್ಯಾಬ್‌ಗೆ ಮುಂಚೆ ಕೋರ್ ಟೆಸ್ಟ್: ನನ್ನ ಅನುಭವ

ಬೆಂಗಳೂರಿನಲ್ಲಿ ರಕ್ತದ ಕ್ಯಾನ್ಸರ್ ಡೇಕೇರ್ ನೋಡಿಕೊಳ್ಳುತ್ತೇನೆ. ಲಿಂಫೋಮಾಕ್ಕೆ (ದುಗ್ಧಗ್ರಂಥಿಗಳ ಕ್ಯಾನ್ಸರ್) ಕೊಡುವ ರಿಟುಕ್ಸಿಮ್ಯಾಬ್, ಮೈಯಲ್ಲಿ ಅಡಗಿ ಕೂತ ಹಳೆಯ ಹೆಪಟೈಟಿಸ್ ಬಿ ವೈರಸ್ಸನ್ನು ಮತ್ತೆ ಎಬ್ಬಿಸಬಹುದು. ಅದಕ್ಕೇ ಅದನ್ನು ಹಾಕುವ ಮುಂಚೆ ಎಲ್ಲರಿಗೂ ಹೆಪಟೈಟಿಸ್ ಬಿ ಕೋರ್ ಆಂಟಿಬಾಡಿ (ಹಿಂದೆ ಸೋಂಕು ಬಂದಿತ್ತೇ ಎಂದು ತೋರಿಸುವ ಟೆಸ್ಟ್) ಮಾಡಿಸೋಣ ಅಂದೆ. "ಸರ್ಫೇಸ್ ಆಂಟಿಜನ್ ನೆಗೆಟಿವ್ ಇದೆಯಲ್ಲ, ಸುಮ್ನೆ ಯಾಕೆ ಎಂಟುನೂರು ರೂಪಾಯಿ ಖರ್ಚು?" ಅಂದರು ಜೊತೆಯವರು. ಸರ್ಫೇಸ್ ತೋರಿಸುವುದು ಈಗಿನ ಸೋಂಕನ್ನು ಮಾತ್ರ. ಮೊದಲ ವರ್ಷದ ಇಬ್ಬರನ್ನು ಬಿಟ್ಟರೆ, ಈಗ ಎರಡೂವರೆ ವರ್ಷದಿಂದ ನಮ್ಮಲ್ಲಿ ಬಿ ವೈರಸ್ ಮತ್ತೆ ಎದ್ದವರು ಒಬ್ಬರೂ ಇಲ್ಲ. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

ಹಟ ಹಿಡಿಯಲು ಕಾರಣ ಕೋಲಾರ ಕಡೆಯ ಒಬ್ಬ ಟೊಮೆಟೊ ಬೆಳೆಗಾರರು. ಸರ್ಫೇಸ್ ನೆಗೆಟಿವ್. ಆರು ಸೈಕಲ್‌ಗೆ ಲಿಂಫೋಮಾ ಪೂರ್ತಿ ಕರಗಿತ್ತು. ಐದು ತಿಂಗಳ ಮೇಲೆ ಕಣ್ಣು ಹಳದಿ, ಬಿ ವೈರಸ್ ಎದ್ದಿತ್ತು. "ಕಾಯಿಲೆ ಹೋಯ್ತು ಅಂದ್ರಲ್ಲ ಡಾಕ್ಟ್ರೇ?" ಅಂದರು ಅವರ ಹೆಂಡತಿ. ಆ ಬೆಳೆಗಾರರು ಉಳಿಯಲಿಲ್ಲ.

ಶುರುವಿನಲ್ಲಿ ನಾನೂ ಎಡವಿದೆ. ಚೀಟಿಯಲ್ಲಿ 'ಟೋಟಲ್' ಎಂದು ಬರೆಯಲಿಲ್ಲ. ಲ್ಯಾಬ್‌ನವರು ಐಜಿಎಂ (ಹೊಸ ಸೋಂಕಿನ ಆಂಟಿಬಾಡಿ ಮಾತ್ರ) ಮಾಡಿ ಕಳಿಸಿದರು, ಎಲ್ಲವೂ ನೆಗೆಟಿವ್! ಸುಮಾರು ಇಪ್ಪತ್ತು ಮಂದಿಯ ದುಡ್ಡು ನೀರಿನಲ್ಲಿ ಹೋಮ. ಮತ್ತೆ ಮಾಡಿಸಿದ್ದು ನನ್ನ ಜೇಬಿನಿಂದ. ಇನ್ನೊಬ್ಬರಿಗೆ ಐವಿಐಜಿ (ದಾನಿಗಳ ರಕ್ತದಿಂದ ತೆಗೆದ ಆಂಟಿಬಾಡಿ) ಕೊಟ್ಟ ಮೇಲೆ ರಕ್ತ ತೆಗೆದೆವು. ಬಂದ ಪಾಸಿಟಿವ್ ಅವರದ್ದಲ್ಲ, ಔಷಧಿಯ ಜೊತೆ ಬಂದದ್ದು.

ನಿಜವಾದ ತಲೆನೋವು ಎಂದರೆ ಕೋರ್ ಪಾಸಿಟಿವ್ ಬಂದವರಿಗೆ ವೈರಸ್ ಏಳದಂತೆ ಕೊಡುವ ಮಾತ್ರೆ. ಎಂಟೆಕಾವಿರ್ ತಿಂಗಳಿಗೆ ಎರಡು ಸಾವಿರದ ಆಸುಪಾಸು. ಕೊನೆಯ ರಿಟುಕ್ಸಿಮ್ಯಾಬ್ ಆದ ಮೇಲೂ ನಾವು 18 ತಿಂಗಳು ಕೊಡುತ್ತೇವೆ. ಕೀಮೋ ಮುಗಿದರೆ ಜನ ಮಾತ್ರೆಯನ್ನೂ ಬಿಡುತ್ತಾರೆ. ಮೊದಲ ವರ್ಷ ಹಾಗೆ ಬಿಟ್ಟ ಇಬ್ಬರಲ್ಲಿ ವೈರಸ್ ಎದ್ದಿತು. ಪುಣ್ಯಕ್ಕೆ ಬೇಗ ಸಿಕ್ಕಿದರು. ಇನ್ನು ಕೆಲವರು ತಿಂಡಿ ಜೊತೆ ನುಂಗುತ್ತಿದ್ದರು, ಅದು ಖಾಲಿ ಹೊಟ್ಟೆಯ ಮಾತ್ರೆ. ಈಗ ರಾತ್ರಿ ಊಟವಾಗಿ ಎರಡು ಗಂಟೆ ಬಿಟ್ಟು, ಮಲಗುವಾಗ.

ಖರ್ಚು ಇಳಿಸಲು ಕೆಲವರಿಗೆ ಅದೇ ಕೆಲಸದ ಟೆನೊಫೊವಿರ್ ಕೊಟ್ಟು ನೋಡಿದೆ. ಮಾತ್ರೆ ಅಗ್ಗ, ಆದರೆ ಕಿಡ್ನಿ ನೋಡುವ ಕ್ರಿಯೇಟಿನಿನ್‌ಗೆ ಪದೇಪದೇ ರಕ್ತ. ವಯಸ್ಸಾದವರಿಗೆ ಒಗ್ಗಲಿಲ್ಲ, ನಿಲ್ಲಿಸಿದೆ.

ಕೈ ಹಿಡಿದದ್ದು ಡಬ್ಬಿ ಎಣಿಕೆ, ಅಂದರೆ ಡಬ್ಬಿಯಲ್ಲಿ ಉಳಿದ ಮಾತ್ರೆಗಳ ಲೆಕ್ಕ. ಹಳ್ಳಿಯವರಿಗೆ ಅಮಾವಾಸ್ಯೆ, ಪಟ್ಟಣದವರಿಗೆ ಬಾಡಿಗೆ ಕಟ್ಟುವ ದಿನ. ಅವತ್ತು ನಮ್ಮ ಸಿಸ್ಟರ್ ಫೋನ್ ಮಾಡುತ್ತಾರೆ. ಸುಳ್ಳು ಹೇಳಲು ಆಗದ ಹಾಗೆ ಒಂದು ಪ್ರಶ್ನೆ ಕೇಳುತ್ತಾರೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಪೇಷೆಂಟುಗಳೂ ಓದುತ್ತಾರಲ್ಲ.

ಕಳೆದ ವಾರ ಮಾಗಡಿಯ ಅಜ್ಜಿಯೊಬ್ಬರ 18 ತಿಂಗಳು ಮುಗಿಯಿತು. ರಕ್ತದಲ್ಲಿ ವೈರಸ್ಸಿನ ಡಿಎನ್‌ಎ ಇಲ್ಲ. ಇನ್ನೂ ಒಂದು ವರ್ಷ ಮೂರು ತಿಂಗಳಿಗೊಮ್ಮೆ ರಕ್ತ ಕೊಡಬೇಕು ಅಂದೆ. "ಹೆಂಗಸರಿಗೆ ಬಸ್ಸು ಫ್ರೀ ಅಲ್ವಾ ಡಾಕ್ಟ್ರೇ, ಬರ್ತೀನಿ" ಅಂದರು.