ಮೋರಿ ಟೆಂಡರಿನಲ್ಲಿ ಇರಲಿಲ್ಲ

ವಿಜಯಪುರ ಬಿಟ್ಟು ಪುಣೆಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ಸಣ್ಣ ಸರ್ಕಾರಿ ಗುತ್ತಿಗೆ ಹಿಡಿಯುವುದು ನನ್ನ ಕಸುಬು. ತಡೆಗೋಡೆ, ಗಟಾರ, ಶಾಲೆಯ ಕೋಣೆ, ಇಂಥವು. 2019ರಲ್ಲಿ ಮುಳಶಿ ತಾಲೂಕಿನ ಒಂದು ಗುಡ್ಡದ ರಸ್ತೆಗೆ ತಡೆಗೋಡೆ ಕಟ್ಟುವ ಕೆಲಸ ಸಿಕ್ಕಿತು. ಎಸ್ಟಿಮೇಟಿಗಿಂತ ಶೇ. 12 ಕಡಿಮೆಗೆ ಹಾಕಿದ್ದೆ. ಆ ಒಂದೇ ಕೆಲಸದಲ್ಲಿ ಎರಡು ತಕರಾರು ಬಂದವು. ಒಂದರಲ್ಲಿ ನನ್ನ ಹಣ ನನಗೆ ಬಂತು. ಇನ್ನೊಂದರಲ್ಲಿ ಕೈ ಸುಟ್ಟುಕೊಂಡೆ. ಎರಡರಲ್ಲೂ ಇದ್ದದ್ದು ಒಂದೇ ಪ್ರಶ್ನೆ: ಆಮೇಲೆ ಮಾಡಿಸಿದ ಜಾಸ್ತಿ ಕೆಲಸ ಮೊದಲಿನ ಕರಾರಿನ ಒಳಗಿನದೋ, ಹೊರಗಿನದೋ?

ಮೊದಲನೆಯದು ಬಂಡೆಯ ಕಥೆ. ಟೆಂಡರಿನ ಷೆಡ್ಯೂಲ್ ಬಿಯಲ್ಲಿ, ಅಂದರೆ ಯಾವ ಕೆಲಸ ಎಷ್ಟು ಅನ್ನುವ ಪಟ್ಟಿಯಲ್ಲಿ, ಗಟ್ಟಿ ಬಂಡೆ ಅಗೆತ 180 ಘನ ಮೀಟರ್ ಅಂತ ಇತ್ತು. ಅಗೆಯಲು ಶುರು ಮಾಡಿದರೆ ಮೇಲೆ ಎರಡು ಅಡಿ ಮುರುಂ, ಕೆಳಗೆಲ್ಲ ಕರಿಕಲ್ಲು. ನಮ್ಮ ಮೇಸ್ತ್ರಿ ಯಾದಗಿರಿ ಕಡೆಯವನು. ಎರಡನೇ ದಿನವೇ ಬಂದು, "ಸಾಹೇಬ್ರ, ಇಲ್ಲಿ ಮಣ್ಣ ಇಲ್ರಿ, ಬರೇ ಕಲ್ಲೈತಿ" ಅಂದ. ಕಲ್ಲು ಒಡೆಯುವ ಬ್ರೇಕರ್ ಮಷೀನು ಹನ್ನೊಂದು ದಿನ ಓಡಿತು. ಕೊನೆಗೆ ಅಳತೆ ಬಂದದ್ದು 610 ಘನ ಮೀಟರ್.

ಬಿಲ್ ಕೊಟ್ಟಾಗ ಇಲಾಖೆಯವರು ಪೂರ್ತಿ 610ಕ್ಕೂ ಟೆಂಡರ್ ರೇಟೇ ಅಂದರು. ನಮ್ಮದು ಬಿ-1 ಫಾರ್ಮಿನ ಕರಾರು, ಅಂದರೆ ಎಸ್ಟಿಮೇಟಿಗಿಂತ ಇಷ್ಟು ಶೇಕಡಾ ಕಡಿಮೆ ಅಥವಾ ಹೆಚ್ಚು ಅಂತ ಹಾಕುವ ಸರ್ಕಾರಿ ನಮೂನೆ. ಮಹಾರಾಷ್ಟ್ರದಲ್ಲಿ ಸರ್ಕಾರಿ ಕಾಮಗಾರಿ ಮಾಡುವವರಿಗೆ ಅದರ 38ನೇ ಕಲಂ ಬಾಯಿಪಾಠ ಇರಬೇಕು. ಒಂದು ಐಟಂ ಟೆಂಡರ್ ಪ್ರಮಾಣಕ್ಕಿಂತ ಶೇ. 25ಕ್ಕೂ ಜಾಸ್ತಿಯಾದರೆ, ಆ ಮಿತಿ ದಾಟಿದ ಭಾಗದ ಬೆಲೆ 5,000 ರೂಪಾಯಿಗಿಂತ ಹೆಚ್ಚಿದ್ದರೆ, ದಾಟಿದ ಭಾಗಕ್ಕೆ ಚಾಲ್ತಿ ಸರ್ಕಾರಿ ದರಪಟ್ಟಿ ಪ್ರಕಾರ ರೇಟು. ಟೆಂಡರಿನ ಕಡಿಮೆ-ಹೆಚ್ಚಿನ ಶೇಕಡಾ ಅದಕ್ಕೂ ಹತ್ತುತ್ತದೆ. ಅಂದರೆ ನನಗೆ 225ರವರೆಗೆ ಹಳೇ ರೇಟು, ಉಳಿದ 385ಕ್ಕೆ ಹೊಸ ರೇಟು, ಅದರಲ್ಲಿ ಶೇ. 12 ಕಡಿತ. ಘನ ಮೀಟರಿಗೆ 140 ರೂಪಾಯಿ ಫರಕು ಬಿತ್ತು. ಒಟ್ಟು 53,900 ರೂಪಾಯಿ. ದೊಡ್ಡವರಿಗೆ ಇದು ಚಿಲ್ಲರೆ. ನನಗೆ ಅದು ಕೂಲಿಯವರ ಒಂದು ವಾರದ ಪಗಾರ.

ಇದು ಕರಾರಿನ ಒಳಗಿನದು. ಅದೇ ಗೋಡೆ, ಅದೇ ಜಾಗ, ಕಲ್ಲು ಮಾತ್ರ ಜಾಸ್ತಿ. ಕರಾರೇ ಇದಕ್ಕೆ ದಾರಿ ಮಾಡಿ ಇಟ್ಟಿದೆ. ಆದರೆ ಮಿತಿ ದಾಟಿದ ಕೆಲಸಕ್ಕೆ ಲಿಖಿತ ಆದೇಶ ಇರಬೇಕು ಅಂತಲೂ ಅದೇ ಕಲಂ ಹೇಳುತ್ತದೆ. ಅದನ್ನು ನಾನು ತಗೊಂಡಿದ್ದೆ.

ನನ್ನನ್ನು ಉಳಿಸಿದ್ದು ಲೆವೆಲ್ ಬುಕ್, ನೆಲದ ಎತ್ತರ-ತಗ್ಗಿನ ಅಳತೆ ಬರೆಯುವ ಪುಸ್ತಕ. ಬ್ರೇಕರ್ ಇಳಿಸುವ ಮೊದಲು ಪ್ರತಿದಿನ ಬೆಳಿಗ್ಗೆ ಇಲಾಖೆಯವರ ಎದುರೇ ಲೆವೆಲ್ ತೆಗೆಸಿದ್ದೆ. ಪ್ರತಿ ಪುಟಕ್ಕೂ ಎರಡು ಸಹಿ, ಅವರದೊಂದು, ನನ್ನದೊಂದು. ಒಡೆದ ಕಲ್ಲನ್ನು ರಸ್ತೆ ಬದಿಗೆ ಚೌಕಾಗಿ ಒಟ್ಟಿಸಿದ್ದೆ, ಮುಟ್ಟಲು ಬಿಟ್ಟಿರಲಿಲ್ಲ. ಊರವರು ಬಂದು ಕಲ್ಲು ಕೇಳಿದರು, ಕೊಡಲಿಲ್ಲ. ಆಮೇಲೆ ಕಚೇರಿಯಲ್ಲಿ ಒಬ್ಬರು, ಅರ್ಧ ಮೆತ್ತನೆ ಬಂಡೆ ಇದ್ದಿರಬೇಕು ಅಂತ ಬರೆದಾಗ ಅವರನ್ನು ಆ ರಾಶಿಯ ಮುಂದೆ ಕರೆದುಕೊಂಡು ಹೋಗಿ ನಿಲ್ಲಿಸಿದೆ. ಮೇಸ್ತ್ರಿ ಸುತ್ತಿಗೆ ಎತ್ತಿ ಒಂದು ಕಲ್ಲಿಗೆ ಬಾರಿಸಿದ. ಠಣ್ ಅಂತು. ಆ ಟಿಪ್ಪಣಿ ಅಲ್ಲಿಗೇ ಹೋಯಿತು.

ಎರಡನೆಯದು ಮೋರಿ. ಜೂನ್ ಮೊದಲ ವಾರ. ಮಳೆ ಬರುವ ಮುಂಚೆ ಅಧಿಕಾರಿಯೊಬ್ಬರು ಸೈಟಿಗೆ ಬಂದಿದ್ದರು. ಮುಂದೆ ಒಂದು ತಿರುವಿನಲ್ಲಿ ಪ್ರತಿ ವರ್ಷ ನೀರು ರಸ್ತೆ ಮೇಲೆ ಹರಿಯುತ್ತದೆ ಅಂತ ಊರವರು ಹೇಳಿದರು. "ಮಷೀನು ಇಲ್ಲೇ ಇದೆಯಲ್ಲ, ಅಲ್ಲೊಂದು ಮೋರಿನೂ ಹಾಕಿಬಿಡಿ. ಎಕ್ಸ್‌ಟ್ರಾ ಐಟಂನಲ್ಲಿ ತಗೊಳ್ಳೋಣ" ಅಂದರು. ಒಳ್ಳೇ ಮನಸ್ಸಿನಿಂದಲೇ ಹೇಳಿದರು, ಅದರಲ್ಲಿ ನನಗೆ ಸಂಶಯ ಇಲ್ಲ. ನಾನೂ ಹೂಂ ಅಂದೆ. ಅಗೆಸಿದೆ, ನೀರು ಹೊರ ಹಾಕಿಸಿದೆ, ತಳದ ಕಾಂಕ್ರೀಟ್ ಹಾಕಿಸಿದೆ. 2,60,000 ರೂಪಾಯಿ ಖರ್ಚಾಯಿತು. ಅಷ್ಟರಲ್ಲಿ ಮಳೆ ಹಿಡಿಯಿತು, ಆ ಅಧಿಕಾರಿಗೆ ವರ್ಗವೂ ಆಯಿತು.

ಹೊಸಬರು ಫೈಲ್ ತೆರೆದು ಒಂದೇ ಸಾಲು ತೋರಿಸಿದರು. ಕೆಲಸದ ಹೆಸರಿನಲ್ಲೇ ಬರೆದಿತ್ತು: ಕಿ.ಮೀ. 4/200ರಿಂದ 4/320ರವರೆಗೆ ತಡೆಗೋಡೆ. ಮೋರಿ ಇದ್ದದ್ದು 5/050ರಲ್ಲಿ, ಅಂದರೆ 5 ಕಿ.ಮೀ. 50 ಮೀಟರಿನಲ್ಲಿ. "ಇದನ್ನು ಯಾವ ಆಧಾರದ ಮೇಲೆ ಎಂ.ಬಿ.ಯಲ್ಲಿ ಬರೆಯಲಿ?" ಅಂತ ಕೇಳಿದರು. ಎಂ.ಬಿ. ಅಂದರೆ ಕೆಲಸದ ಅಳತೆ ಪುಸ್ತಕ. ಆಗ ಸಿಟ್ಟು ಬಂದಿತ್ತು. ಈಗ ಅವರು ಹೇಳಿದ್ದು ಸರಿ ಅನ್ನುತ್ತೇನೆ. 14ನೇ ಕಲಂ ಪ್ರಕಾರ ಇಂಜಿನಿಯರು ನಕ್ಷೆ ಬದಲಿಸಬಹುದು, ಕೆಲಸ ಸೇರಿಸಬಹುದು, ಆದರೆ ಸಹಿ ಮಾಡಿದ ಬರಹದಲ್ಲಿ. ಅದೂ ಆ ಕೆಲಸಕ್ಕೆ ಸಂಬಂಧಪಟ್ಟದ್ದನ್ನು. ಮುಕ್ಕಾಲು ಕಿಲೋಮೀಟರ್ ಆಚೆಯ ಮೋರಿ ಬೇರೆಯೇ ಕೆಲಸ. ಅದನ್ನು ಟೆಂಡರ್ ಇಲ್ಲದೆ ನನಗೆ ಕೊಟ್ಟರೆ ಉಳಿದ ಗುತ್ತಿಗೆದಾರರಿಗೆ ಅನ್ಯಾಯ ಅಲ್ವಾ? ಆಡಿಟ್‌ನವರು ಕೇಳುವುದೂ ಅದನ್ನೇ.

ಶಿವಾಜಿನಗರ ಕೋರ್ಟಿನ ಹತ್ತಿರ ಒಬ್ಬ ವಕೀಲರನ್ನು ಕಂಡೆ. ಅವರು 1993ರ ಅಮೆರಿಕದ ಒಂದು ತೀರ್ಪು ಹೇಳಿದರು. ಸರ್ಕಾರದ ಫೋನ್ ಜಾಲದ ಗುತ್ತಿಗೆ ಎಟಿ ಆಂಡ್ ಟಿ ಕಂಪನಿಯದು. ಆಮೇಲೆ ಹೆಚ್ಚು ವೇಗದ ಟಿ-3 ಲೈನುಗಳನ್ನು ಅದಕ್ಕೇ ಸೇರಿಸಿದರು. ಇದು ಹೊಸ ಕೆಲಸ, ಹೊಸ ಟೆಂಡರ್ ಕರೆಯಿರಿ ಅಂತ ಎದುರಾಳಿ ಕಂಪನಿಗಳು ತಕರಾರು ತೆಗೆದವು. ಟೆಂಡರ್ ಹಾಕುವವರು ಮೊದಲೇ ಇಂಥ ಬದಲಾವಣೆ ಬರಬಹುದು ಅಂತ ಎಣಿಸಬಹುದಿತ್ತೇ ಎಂದು ಕೋರ್ಟು ನೋಡಿತು. ಮೂಲ ಟೆಂಡರಿನ ಮಾತು ಅಗಲವಾಗಿತ್ತು, ಹಾಗಾಗಿ ಲೈನುಗಳು ಕರಾರಿನ ಒಳಗೇ ಅಂತಾಯಿತು. "ನಿಮ್ಮ ಟೆಂಡರಿನ ಮಾತು 120 ಮೀಟರ್ ಅಗಲ ಅಷ್ಟೇ" ಅಂದರು ವಕೀಲರು. ಆ ತೀರ್ಪು ಇಲ್ಲಿ ಲಾಗೂ ಆಗುವುದಿಲ್ಲ. ಆದರೂ ಆ ಪ್ರಶ್ನೆ ನನ್ನ ತಲೆಯಲ್ಲಿ ಕೂತಿತು.

ಆರ್ಬಿಟ್ರೇಷನ್‌ಗೆ, ಅಂದರೆ ಕೋರ್ಟಿನ ಹೊರಗೆ ಮಧ್ಯಸ್ಥರ ಮುಂದೆ, ಹೋಗೋಣ ಅಂದೆ. ದಾರಿ ಇರಲಿಲ್ಲ. ಬಿ-1ರ 30ನೇ ಕಲಂನಲ್ಲಿ ಸೂಪರಿಂಟೆಂಡಿಂಗ್ ಇಂಜಿನಿಯರ್ ತೀರ್ಮಾನವೇ ಕೊನೆ ಅಂತಿದೆ. ಅದು ಆರ್ಬಿಟ್ರೇಷನ್ ಕರಾರು ಅಲ್ಲ ಎಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿಬಿಟ್ಟಿದೆ.

ಉಳಿದದ್ದು 1872ರ ಕರಾರು ಕಾಯ್ದೆಯ 70ನೇ ಕಲಂ. ಪುಕ್ಕಟೆ ಮಾಡುವ ಉದ್ದೇಶ ಇಲ್ಲದೆ ಒಬ್ಬರಿಗೆ ನ್ಯಾಯವಾಗಿ ಕೆಲಸ ಮಾಡಿಕೊಟ್ಟು, ಅವರು ಅದರ ಲಾಭ ಪಡೆದರೆ, ತಕ್ಕ ಪರಿಹಾರ ಕೊಡಬೇಕು. ಬಿ.ಕೆ. ಮಂಡಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸರ್ಕಾರಕ್ಕೂ ಹಚ್ಚಿತು. ಆದರೆ ಲಾಭ ಪಡೆದರು ಅಂತ ನಾನು ತೋರಿಸುವುದು ಹೇಗೆ? ಮಣ್ಣಿನಲ್ಲಿ ಹೂತ ಕಾಂಕ್ರೀಟ್ ಅದು.

ಮರುವರ್ಷ ಅದೇ ಮೋರಿಗೆ ಬೇರೆ ಟೆಂಡರ್ ಕರೆದರು. ನಾನೂ ಹಾಕಿದೆ, ಬೇರೆಯವರಿಗೆ ಹೋಯಿತು. ಆದರೆ ಟೆಂಡರ್ ಕಾಗದ ಇಳಿಸಿಕೊಂಡು ಷೆಡ್ಯೂಲ್ ಬಿ ನೋಡಿದಾಗ ಮೈ ಜುಂ ಅಂತು. ಅಡಿಪಾಯದ ಅಗೆತ ಇಲ್ಲ. ತಳದ ಕಾಂಕ್ರೀಟ್ ಇಲ್ಲ. ನೇರ ಗೋಡೆಯಿಂದಲೇ ಶುರು! ನನ್ನ ಕಾಂಕ್ರೀಟ್ ಅವರ ಲೆಕ್ಕದಲ್ಲೇ ಸೇರಿತ್ತು. ಆ ಪುಟ, ಸೈಟ್ ಆರ್ಡರ್ ಬುಕ್ಕಿನ ಒಂದು ನಮೂದು, ಕಾಂಕ್ರೀಟ್ ಹಾಕಿದ ದಿನದ ಫೋಟೋ, ಮೂರನ್ನೂ ಲಗತ್ತಿಸಿ ಅರ್ಜಿ ಕೊಟ್ಟೆ.

ಈಗ ಯಾರೇ ಬಾಯಿ ಮಾತಲ್ಲಿ ಕೆಲಸ ಹೇಳಲಿ, ಅದೇ ಸಂಜೆ ಪತ್ರ ಬರೆಯುತ್ತೇನೆ. "ಇಂದು ತಾವು ಸೈಟಿನಲ್ಲಿ ಹೀಗೆ ಸೂಚಿಸಿದ್ದೀರಿ. ಇದು ಟೆಂಡರಿನ ಇಂಥ ಐಟಂನಲ್ಲಿ ಬರುವುದಿಲ್ಲ. ಲಿಖಿತ ಆದೇಶ ಬಂದ ಮೇಲೆ ಶುರು ಮಾಡುತ್ತೇನೆ." ಕಚೇರಿಗೆ ಬಂದ ಪತ್ರ ತಗೊಳ್ಳುವ ಆವಕ್ ವಿಭಾಗದ ಶಿಕ್ಕಾ ಹಾಕಿಸಿ ಪ್ರತಿ ಇಟ್ಟುಕೊಳ್ಳುತ್ತೇನೆ. ಆದೇಶ ಬಂದರೆ, ಟೆಂಡರಿನಲ್ಲಿ ರೇಟು ಇಲ್ಲದ ಕೆಲಸಕ್ಕೆ ಏಳು ದಿನದೊಳಗೆ ನನ್ನ ರೇಟು ತಿಳಿಸುತ್ತೇನೆ. 14ನೇ ಕಲಂ ಕೊಡುವ ಗಡುವು ಅದು. ರೇಟು ಒಪ್ಪುವ ಮುಂಚೆ ಕೆಲಸ ಶುರು ಮಾಡಿದರೆ ಅವರು ನಿಗದಿ ಮಾಡಿದ್ದೇ ಗತಿ.

ಮೋರಿಯ ಹಣ ಅರ್ಜಿ ಕೊಟ್ಟ ಹದಿನಾಲ್ಕು ತಿಂಗಳಿಗೆ ಬಂತು, 1,70,000 ರೂಪಾಯಿ. ನೀರು ಹೊರ ಹಾಕಿದ ಪಂಪಿನ ಬಾಡಿಗೆಗೆ ಕಾಗದ ಇರಲಿಲ್ಲ, ಅದನ್ನು ಕೊಡಲಿಲ್ಲ.